ಕೊಲಾಬಾದಲ್ಲಿ ಮಂಡ್ಯದ ರಾಮಚಂದ್ರ

ಸಂಖ್ಯೆಗಳು ದೊಡ್ಡದಾದಂತೆ ಅವಿಭಾಜ್ಯಗಳು ವಿರಳವಾಗುತ್ತವೆ. ಒಂದು ಸಂಖ್ಯೆಯಿಂದ ಹೊರಟು ಅದರ ವರ್ಗಮೂಲದಷ್ಟು ದೂರ ನಡೆದರೆ ಒಂದಾದರೂ ಅವಿಭಾಜ್ಯ ಸಿಗುತ್ತದೆಯೇ? 100ರಿಂದ 110ರೊಳಗೆ ನಾಲ್ಕು ಸಿಗುತ್ತವೆ: 101, 103, 107, 109. ದೊಡ್ಡ ಸಂಖ್ಯೆಗಳಿಗೆಲ್ಲ ಹೀಗೆಯೇ ಎಂದು ಇಂದಿಗೂ ಯಾರೂ ಸಾಧಿಸಿಲ್ಲ.

ಮಂಡ್ಯದಲ್ಲಿ ಹುಟ್ಟಿದ ಕೆ. ರಾಮಚಂದ್ರ (1933–2011) ಮುಂಬೈನ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಹಿಡಿದದ್ದು ತುಸು ಸಡಿಲವಾದ ಪ್ರಶ್ನೆ. ಅಷ್ಟು ದೂರದೊಳಗೆ ಅವಿಭಾಜ್ಯ ಸಿಗದಿದ್ದರೆ ಬೇಡ, ದೊಡ್ಡದೊಂದು ಅವಿಭಾಜ್ಯದಿಂದ ಭಾಗವಾಗುವ ಸಂಖ್ಯೆಯಾದರೂ ಇರಬೇಕಲ್ಲ? ಎಷ್ಟು ದೊಡ್ಡದು? ಹೊರಟ ಸಂಖ್ಯೆಯ 15/26ನೇ ಘಾತಕ್ಕಿಂತ ದೊಡ್ಡದು ಎಂದು 1969ರಲ್ಲಿ ಸಾಧಿಸಿದರು. ಮುಂದಿನ ಲೇಖನದಲ್ಲಿ ಅದನ್ನು 5/8ಕ್ಕೆ ಏರಿಸಿದರು. ಕೇಳಲು ಸಣ್ಣ ಏರಿಕೆ. ಆದರೆ 1ರ ಮುಂದೆ 16 ಸೊನ್ನೆಯ ಸಂಖ್ಯೆಯನ್ನು ಅಳತೆಗೆ ಇಟ್ಟುಕೊಂಡರೆ, ನಡೆಯುವ ದೂರ ಹತ್ತು ಕೋಟಿ. 15/26ರ ಲೆಕ್ಕದಲ್ಲಿ ಆ ಅವಿಭಾಜ್ಯ ಸುಮಾರು 170 ಕೋಟಿ, 5/8ರಲ್ಲಿ ಸಾವಿರ ಕೋಟಿ. (ಪ್ರಮೇಯ ಅನ್ವಯಿಸುವುದು ಸಾಕಷ್ಟು ದೊಡ್ಡ ಸಂಖ್ಯೆಗಳಿಗೆ, ಇದು ಪ್ರಮಾಣ ತಿಳಿಯಲಷ್ಟೇ.)

1978ರಲ್ಲಿ ಅವರು ಆರ್. ಬಾಲಸುಬ್ರಮಣಿಯನ್ ಜೊತೆ ‘ಹಾರ್ಡಿ–ರಾಮಾನುಜನ್ ಜರ್ನಲ್’ ಆರಂಭಿಸಿದರು. ಘಾತವನ್ನು ಬೇರೆಯವರು ಇನ್ನಷ್ಟು ಏರಿಸಿದರು. ಅದು 1 ಮುಟ್ಟಿದ ದಿನ ಸಿಕ್ಕ ಸಂಖ್ಯೆಯೇ ಅವಿಭಾಜ್ಯ, ಹಳೆಯ ಪ್ರಶ್ನೆಯೂ ಬಗೆಹರಿದಂತೆ. ಆ ದಿನ ಇನ್ನೂ ಬಂದಿಲ್ಲ.