ಇಜಾರಿ ಕಾಗದದಲ್ಲಿ ನಮ್ಮ ಹೆಸರು

ದುಬೈಗೆ ಬಂದ ಮೇಲೆ ಹತ್ತು ವರ್ಷ ನಾನು ಬಾಡಿಗೆ ಕಟ್ಟಿದ್ದೇನೆ, ಆದರೆ ಬಾಡಿಗೆದಾರ ಆಗಿರಲಿಲ್ಲ. ದೇರಾದ ಒಂದು ಫ್ಲಾಟಿನ ಹಾಲಿನಲ್ಲಿ ಪ್ಲೈವುಡ್ ಪಾರ್ಟಿಷನ್, ಅದರೊಳಗೆ ಎರಡಂತಸ್ತಿನ ಮಂಚ, ಮೇಲಿನದು ನನ್ನದು. ಒಂದನೇ ತಾರೀಕು ದುಡ್ಡು ಕೈಗೆ ಕೊಟ್ಟರೆ ಆಯ್ತು. ರಸೀದಿ ಇಲ್ಲ, ಸಹಿ ಇಲ್ಲ. ಹೋದ ವರ್ಷ ಹೆಂಡತಿ ಮಗಳನ್ನು ಕರೆಸಿಕೊಳ್ಳೋಕೆ ಮೊದಲ ಸಲ ಒಂದು ಸ್ಟುಡಿಯೋ ಹಿಡಿದೆ. ಆಗ ಕೈಗೆ ಬಂದದ್ದು ಇಜಾರಿ ಕಾಗದ. ನಮ್ಮ ಕಡೆ ಇಜಾರ ಅಂದರೆ ಪಾಯಿಜಾಮ, ಅದಕ್ಕೆ ಊರಲ್ಲಿ ಫೋನ್ ಮಾಡಿ ಹೇಳಿದಾಗ ಅಪ್ಪ ನಕ್ಕರು. ಇದು ಬೇರೆ. ಅರಬ್ಬಿಯಲ್ಲಿ 'ನನ್ನ ಬಾಡಿಗೆ' ಅಂತ ಅರ್ಥ. ಹಳೇ ಕಂದಾಯ ಕಾಗದದಲ್ಲಿ ಬರುವ 'ಇಜಾರೆ' ಕೂಡ ಇದೇ ಮೂಲದ ಪದ.

ಈ ಕಾಗದ ಬಂದದ್ದು ತೀರಾ ಈಚೆಗೆ. ಮೊದಲು ಇಲ್ಲಿ ಬಡವರ ಮನೆ ಅಂದರೆ ಖರ್ಜೂರದ ಗರಿಯ ಗುಡಿಸಲು. ಬಸ್ತಕಿಯಾದಲ್ಲಿ ಇವತ್ತೂ ನಿಂತಿರುವ ಗಾಳಿಗೋಪುರದ ಮನೆಗಳು ಪರ್ಷಿಯಾದಿಂದ ಬಂದ ವ್ಯಾಪಾರಿಗಳದ್ದು. ವಿದ್ಯುತ್ ಕಂಪನಿ ಶುರುವಾದದ್ದು 1959ರಲ್ಲಿ, ಶೇಖ್ ರಶೀದರ ಕಾಲದಲ್ಲಿ. ನಮ್ಮ ಕಸುಬಿನವರು ನೆನಪಿಟ್ಟುಕೊಳ್ಳಬೇಕಾದ ವರ್ಷ ಅದು. ಅದೇ ವರ್ಷ ಭಾರತದ ರಿಸರ್ವ್ ಬ್ಯಾಂಕ್ ಗಲ್ಫ್ ದೇಶಗಳಿಗೆ ಅಂತಲೇ ಬೇರೆ ರೂಪಾಯಿ ನೋಟು ಹೊರಡಿಸಿತು. 1966ರವರೆಗೆ ದುಬೈನಲ್ಲಿ ಓಡಿದ್ದು ಅದೇ, ದಿರ್ಹಮ್ ಬಂದದ್ದು 1973ರಲ್ಲಿ. ಅಂದರೆ ಆಗ ಇಲ್ಲಿ ಬಾಡಿಗೆ ಕೊಟ್ಟವರು ರೂಪಾಯಿಯಲ್ಲೇ ಎಣಿಸಿ ಕೊಟ್ಟಿರಬೇಕು!

1966ರಲ್ಲಿ ಎಣ್ಣೆ ಸಿಕ್ಕಿತು, 1972ರಲ್ಲಿ ರಶೀದ್ ಬಂದರು ತೆರೆಯಿತು, ಕೆಲಸಕ್ಕೆ ಜನ ಬಂದರು. 2002ರಲ್ಲಿ ಕೆಲವು ಜಾಗಗಳಲ್ಲಿ ಪರದೇಶದವರಿಗೆ ಮನೆ ಕೊಳ್ಳೋಕೆ ಬಾಗಿಲು ತೆರೆಯೋವರೆಗೆ ನಮ್ಮಂಥವರೆಲ್ಲ, ಎಂಜಿನಿಯರ್ ಆಗಲಿ ಮೇಸ್ತ್ರಿ ಆಗಲಿ, ಬಾಡಿಗೆಯವರೇ ಅಥವಾ ಕಂಪನಿ ಕ್ಯಾಂಪಿನವರೇ.

ಆಮೇಲೆ ಕಟ್ಟಡಗಳು ಎದ್ದ ಹಾಗೆ ಬಾಡಿಗೆಯೂ ಎದ್ದಿತು. 2005ರ ಕೊನೆಗೆ ಸರ್ಕಾರ ವರ್ಷಕ್ಕೆ 15%ಗಿಂತ ಏರಿಸಬೇಡಿ ಅಂತ ತಡೆ ಹಾಕಿತು. 2007ಕ್ಕೆ ಅದು 7%, 2008ಕ್ಕೆ 5%. 2007ರ 26ನೇ ಕಾನೂನು ಮಾಲೀಕ–ಬಾಡಿಗೆದಾರರ ಸಂಬಂಧವನ್ನು ಬರಹಕ್ಕೆ ತಂದಿತು. ಕರಾರು ಬದಲಿಸಬೇಕಾದರೆ 90 ದಿನ ಮೊದಲೇ ತಿಳಿಸಬೇಕು. 2008ರ ತಿದ್ದುಪಡಿ ಪ್ರಕಾರ, ಮಾಲೀಕ ತನ್ನ ಸ್ವಂತ ಬಳಕೆಗೆ ಮನೆ ಬಿಡಿಸಬೇಕಾದರೂ ನೋಟರಿ ಮೂಲಕ ಅಥವಾ ರಿಜಿಸ್ಟರ್ಡ್ ಪೋಸ್ಟಿನಲ್ಲಿ 12 ತಿಂಗಳ ನೋಟಿಸ್ ಕೊಡಬೇಕು. ಕರಾರು ನೋಂದಾಯಿಸುವ ಇಜಾರಿ ವ್ಯವಸ್ಥೆ ಶುರುವಾದದ್ದು 2010ರಲ್ಲಿ.

ಓದೋಕೆ ಚೆನ್ನಾಗಿದೆ. ಆದರೆ ಇದೆಲ್ಲ ಕಾಗದದಲ್ಲಿ ಹೆಸರಿದ್ದವರಿಗೆ. 2008ರಲ್ಲೇ ಮುನ್ಸಿಪಾಲಿಟಿ 'ಒಂದು ವಿಲ್ಲಾ, ಒಂದು ಕುಟುಂಬ' ಅಂತ ಹೊರಟಾಗ ಹಂಚಿಕೊಂಡು ಇದ್ದವರು ಗಂಟುಮೂಟೆ ಕಟ್ಟಬೇಕಾಯ್ತು. ಅವರಿಗೆ ಯಾವ 12 ತಿಂಗಳು?

ನನಗೂ ಹಾಗೇ ಆಯ್ತು. 2019ರಲ್ಲಿ ನಮ್ಮ ಫ್ಲಾಟಿಗೆ ತಪಾಸಣೆಯವರು ಬಂದರು. ಅವರ ತಪ್ಪು ಅಂತ ನಾನು ಹೇಳೋದಿಲ್ಲ. ಒಂದೇ 13 ಆಂಪ್ ಸಾಕೆಟ್ಟಿನಿಂದ ಎಕ್ಸ್‌ಟೆನ್ಶನ್ ಎಳೆದು ಇಂಡಕ್ಷನ್ ಒಲೆ, ಇಸ್ತ್ರಿ ಪೆಟ್ಟಿಗೆ, ಐದು ಚಾರ್ಜರ್ ಓಡುತ್ತಿದ್ದವು. ಪ್ಲಗ್ ಕಪ್ಪಾಗಿತ್ತು. ಐಟಿಐ ಕಲಿತವನು ನಾನೇ ಅದನ್ನು ನೋಡಿಕೊಂಡು ಸುಮ್ಮನಿದ್ದೆ, ಬಾಡಿಗೆ ಕಮ್ಮಿ ಅಂತ. ಫ್ಲಾಟ್ ತನ್ನ ಹೆಸರಲ್ಲಿ ಹಿಡಿದು ನಮಗೆ ಹಂಚಿದ್ದವನು ಅಡ್ವಾನ್ಸ್ ಸಮೇತ ಮಾಯ. ದೂರು ಕೊಡೋಕೆ ಹೋದರೆ ತೋರಿಸೋಕೆ ಒಂದು ಚೀಟಿಯೂ ಇಲ್ಲ. ನಾಲ್ಕು ರಾತ್ರಿ ಗೆಳೆಯನ ಪಿಕಪ್ಪಿನಲ್ಲಿ ಮಲಗಿದೆ. ಮನೆಗೆ ಮಾತ್ರ 'ರೂಮ್ ಚೇಂಜ್ ಮಾಡ್ತಿದೀನಿ' ಅಂದೆ.

ಈ ಸಲ ನಾಲ್ಕು ಮುಂದಿನ ತಾರೀಕಿನ ಚೆಕ್ ಕೊಡಬೇಕಿತ್ತು. ಚೆಕ್ ಬುಕ್ ಮುಟ್ಟಿದ್ದೇ ಮೊದಲು, ಸಹಿ ಹಾಕುವಾಗ ಕೈ ನಡುಗಿತು. ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ ವಾಪಸಾದರೆ ಜೈಲು ಅಂತ ಹಳಬರು ಹೆದರಿಸಿದ್ದರು. 2022ರ ಜನವರಿಯಿಂದ ಕಾನೂನು ಸಡಿಲವಾಗಿದೆ, ಮೋಸ ಮಾಡದಿದ್ದರೆ ಅದು ಕ್ರಿಮಿನಲ್ ಕೇಸಲ್ಲ. ಸಾಲ ಮಾತ್ರ ಸಾಲವೇ. ಕರೆಂಟು ಬಿಲ್ಲಿನ ಜೊತೆ ವರ್ಷದ ಬಾಡಿಗೆಯ 5% ವಸತಿ ಶುಲ್ಕ ತಿಂಗಳು ತಿಂಗಳು ಸೇರಿ ಬರುತ್ತೆ ಅನ್ನೋದು ನನಗೆ ಮೊದಲ ಬಿಲ್ ಬರೋವರೆಗೆ ಗೊತ್ತಿರಲಿಲ್ಲ. ನೀವು ಲೆಕ್ಕ ಹಾಕುವಾಗ ಸೇರಿಸಿಕೊಳ್ಳಿ.

ಕೀ ಸಿಕ್ಕ ದಿನ ಮೊದಲು ಡಿಬಿ ಬಾಕ್ಸ್ ತೆರೆದು ಇಎಲ್‌ಸಿಬಿ ಬಟನ್ ಒತ್ತಿ ನೋಡಿದೆ, ಟ್ರಿಪ್ ಆಯ್ತು. ಸಮಾಧಾನ. 2022ರಿಂದ ಜೊತೆಗಿರುವವರ ಹೆಸರೂ ನೋಂದಾಯಿಸಬೇಕು. ನಮ್ಮ ಕಾಗದದಲ್ಲಿ ಈಗ ಮೂರು ಹೆಸರಿವೆ. ಮಗಳು ತನ್ನದರ ಸ್ಪೆಲ್ಲಿಂಗ್ ಸರಿ ಇದೆಯಾ ಅಂತ ಎರಡು ಸಲ ನೋಡಿದಳು.