ಎಲ್ಲಿಗೂ ಹೋಗದ ಹಡಗಿನ ಕ್ಯಾಪ್ಟನ್

ಸ್ಟಾರ್ ಟ್ರೆಕ್ ಹುಚ್ಚಿರೋರು ನಾಲ್ಕು ಜನ ಸೇರಿದರೆ ಒಂದು ಜಗಳ ಗ್ಯಾರಂಟಿ. ಕರ್ಕ್ ದೊಡ್ಡವನೋ, ಪಿಕಾರ್ಡ್ ದೊಡ್ಡವನೋ? ಒಬ್ಬ ಮೊದಲು ಕೈ ಎತ್ತಿ ಆಮೇಲೆ ಯೋಚನೆ ಮಾಡೋನು, ಇನ್ನೊಬ್ಬ ಟೀ ಕುಡಿಯುತ್ತಾ ಯೋಚನೆ ಮಾಡಿ ಕೊನೆಗೆ ಭಾಷಣ ಮಾಡೋನು. ಈ ಜಗಳದ ನಡುವೆ ನಾನು "ಇಬ್ಬರೂ ಅಲ್ಲ, ಸಿಸ್ಕೋ" ಅಂದರೆ, "ಯಾವುದು, ಆ ರೂಟರ್ ಮಾಡೋ ಕಂಪನಿನಾ?" ಅಂತ ಕೇಳ್ತಾರೆ :-)

ಅಲ್ಲ ಸ್ವಾಮಿ, ಬೆಂಜಮಿನ್ ಸಿಸ್ಕೋ. 'ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್' ಧಾರಾವಾಹಿಯ ನಾಯಕ. 1993ರ ಜನವರಿಯಲ್ಲಿ ಶುರುವಾಗಿ 1999ರ ಜೂನ್‌ವರೆಗೆ ಏಳು ಸೀಸನ್ ಓಡಿದರೂ ಅಣ್ಣಂದಿರ ನೆರಳಲ್ಲೇ ಬೆಳೆದ ಮಗು ಇದು. ಇದಕ್ಕೆ ಸಿಗಬೇಕಾದ ಮರ್ಯಾದೆ ಆಗ ಯಾಕೆ ಸಿಗಲಿಲ್ಲ, ಯಾಕೆ ಸಿಗಬೇಕಿತ್ತು ಅನ್ನೋದನ್ನ ಹೇಳೋಣ ಅಂತ ಈ ಬರಹ.

ಸ್ಟಾರ್ ಟ್ರೆಕ್ ಹುಟ್ಟಿಸಿದ ಜೀನ್ ರಾಡನ್‌ಬೆರಿ ತೀರಿಕೊಂಡಿದ್ದು 1991ರಲ್ಲಿ. ಅವರ ಭವಿಷ್ಯದಲ್ಲಿ ಮನುಷ್ಯರು ಪೂರ್ತಿ ಸುಧಾರಿಸಿಬಿಟ್ಟಿದ್ದರು. ಹಡಗಿನ ಸಿಬ್ಬಂದಿ ಒಬ್ಬರಿಗೊಬ್ಬರು ಮುನಿಸಿಕೊಳ್ಳೋದೂ ಅಪರೂಪ. ರಿಕ್ ಬರ್ಮನ್ ಮತ್ತು ಮೈಕಲ್ ಪಿಲ್ಲರ್ ಹೊಸ ಧಾರಾವಾಹಿಗೆ ಹಡಗನ್ನೇ ಬಿಟ್ಟರು. ಇಲ್ಲಿರೋದು ಒಂದು ಬಾಹ್ಯಾಕಾಶ ನಿಲ್ದಾಣ, ನಿಂತಲ್ಲೇ ನಿಂತಿರುತ್ತೆ. ಅದನ್ನ ಕಟ್ಟಿದ್ದು ಕಾರ್ಡೇಸಿಯನ್ನರು. ಐವತ್ತು ವರ್ಷ ಬೇಜೋರ್ ಅನ್ನೋ ಗ್ರಹವನ್ನ ಆಳಿ, ಸುಲಿದು, ಹೋಗುವಾಗ ನಿಲ್ದಾಣವನ್ನೂ ಹಾಳುಗೆಡವಿ ಹೋಗಿದ್ದಾರೆ. ಅವರ ಯಂತ್ರಕ್ಕೂ ಇವರ ಯಂತ್ರಕ್ಕೂ ಹೊಂದಿಕೆಯೇ ಆಗಲ್ಲ. ಬೇರೆ ಯಾರೋ ಬರೆದು ಬಿಟ್ಟುಹೋದ ಹಳೇ ಕೋಡ್ ಮೇಂಟೇನ್ ಮಾಡಿದವರಿಗೆ ಅಲ್ಲಿನ ಇಂಜಿನಿಯರ್ ಓಬ್ರಯನ್ ಪಡೋ ಪಾಡು ಚೆನ್ನಾಗಿ ಅರ್ಥವಾಗುತ್ತೆ!

ಹಡಗಿಗೂ ನಿಲ್ದಾಣಕ್ಕೂ ಇರೋ ವ್ಯತ್ಯಾಸ ಮೇಲ್ನೋಟಕ್ಕೆ ಕಾಣೋದಕ್ಕಿಂತ ದೊಡ್ಡದು. ಕರ್ಕ್ ಒಂದು ಗ್ರಹಕ್ಕೆ ಬರ್ತಾನೆ, ಮುಕ್ಕಾಲು ಗಂಟೆಯಲ್ಲಿ ಸಮಸ್ಯೆ ಬಗೆಹರಿಸ್ತಾನೆ, ಹೊರಡ್ತಾನೆ. ಆಮೇಲೆ ಆ ಗ್ರಹದ ಗತಿ ಏನಾಯ್ತು? ನಮಗೆ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಸಿಸ್ಕೋಗೆ ಆ ಅನುಕೂಲ ಇಲ್ಲ. ಇವತ್ತು ತಗೊಂಡ ತೀರ್ಮಾನದ ಫಲವನ್ನ ನಾಳೆ ಅದೇ ಜನರ ಮುಖ ನೋಡಿಕೊಂಡು ಉಣ್ಣಬೇಕು. ಅವನ ಕೈಕೆಳಗಿನ ಮೇಜರ್ ಕಿರಾ ಆಕ್ರಮಣಕಾರರ ವಿರುದ್ಧ ಬಾಂಬ್ ಇಟ್ಟು ಹೋರಾಡಿದವಳು. ಮೊದಲ ಸೀಸನ್ನಿನ 'ಡ್ಯುಯೆಟ್' ಕಂತಿನಲ್ಲಿ ಅವಳು, ಯುದ್ಧಾಪರಾಧಿ ಅಂತ ಸಿಕ್ಕಿಬಿದ್ದ ಒಬ್ಬ ಕಾರ್ಡೇಸಿಯನ್, ಇಬ್ಬರೇ ಕೂತು ಮಾತಾಡ್ತಾರೆ. ಬಹುಪಾಲು ಅಷ್ಟೇ. ಯುದ್ಧದ ಬಗ್ಗೆ ಟೀವಿಯಲ್ಲಿ ನಾನು ನೋಡಿದ ಅತ್ಯುತ್ತಮ ಮುಕ್ಕಾಲು ಗಂಟೆ ಅದು.

ಹಾಗಾದರೆ ಸೋತಿದ್ದೆಲ್ಲಿ? ಒಂದು ಕಾರಣ ಪ್ರಸಾರದ ವ್ಯವಸ್ಥೆ. ಇದು ಒಂದೇ ಚಾನಲ್ಲಿನ ಕಾರ್ಯಕ್ರಮ ಅಲ್ಲ. ಅಮೆರಿಕದ ಊರೂರಿನ ಸ್ಟೇಷನ್‌ಗಳು ಕೊಂಡುಕೊಂಡು ತಮಗೆ ಬೇಕಾದ ಹೊತ್ತಿಗೆ ಹಾಕುತ್ತಿದ್ದವು. ಅಂಥಾ ಕಡೆ ಪ್ರತಿ ಕಂತೂ ಅದರ ಪಾಡಿಗೆ ಅದು ನಿಲ್ಲಬೇಕು ಅನ್ನೋದು ಆಗಿನ ಲೆಕ್ಕ. ಆದರೆ ಇರಾ ಸ್ಟೀವನ್ ಬೇರ್ ಬರಹಗಾರರ ಮುಖ್ಯಸ್ಥರಾದ ಮೇಲೆ ಕಥೆ ಒಂದಕ್ಕೊಂದು ಹೆಣೆದುಕೊಳ್ಳುತ್ತಾ ಹೋಯ್ತು. 1997ರಲ್ಲಿ ಆರು ಕಂತುಗಳುದ್ದಕ್ಕೂ ಒಂದೇ ಯುದ್ಧದ ಕಥೆ ಹೇಳಿದರು. ಒಂದು ವಾರ ತಪ್ಪಿಸಿಕೊಂಡವನು ಕೆಟ್ಟ! ಇವತ್ತು ಇಡೀ ಸೀಸನ್ ಒಂದೇ ರಾತ್ರಿ ನೋಡೋ ನಮಗೆ ಇದು ಮಾಮೂಲು. ಆಗ ಅಲ್ಲ. ಜೊತೆಗೆ 1995ರ ಜನವರಿಯಲ್ಲಿ ಹಡಗು ಇರೋ 'ವಾಯೇಜರ್' ಬೇರೆ ಬಂತು, ಜನರ ಗಮನ ಆ ಕಡೆ ಹೋಯ್ತು. ಇಲ್ಲಿ ಕಥೆ ಬರೆದ ರಾನಲ್ಡ್ ಡಿ. ಮೂರ್ ಮುಂದೆ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ'ವನ್ನ ಹೊಸದಾಗಿ ಕಟ್ಟಿದಾಗ ಲೋಕವೆಲ್ಲ ಹೊಗಳಿತು. ಆ ಕೈ ಪಳಗಿದ್ದು ಎಲ್ಲಿ ಅಂತ ಕೇಳಿದವರು ಕಮ್ಮಿ.

ಈಗ ಕ್ಯಾಪ್ಟನ್ ವಿಷಯ. ಸಿಸ್ಕೋ ಪಾತ್ರ ಮಾಡಿದ ಏವರಿ ಬ್ರೂಕ್ಸ್ ನಟರಷ್ಟೇ ಅಲ್ಲ, ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ರಂಗಭೂಮಿ ಕಲಿಸಿದ ಮೇಷ್ಟ್ರು. ಸ್ಟಾರ್ ಟ್ರೆಕ್ ಧಾರಾವಾಹಿಯೊಂದರ ಮೊದಲ ಕಪ್ಪು ವರ್ಣೀಯ ನಾಯಕ. ಕರ್ಕ್, ಪಿಕಾರ್ಡ್ ಮೊದಲ ಕಂತಿನಲ್ಲೇ ಕ್ಯಾಪ್ಟನ್. ಸಿಸ್ಕೋ ಮಾತ್ರ ಕಮಾಂಡರ್! ಅವನಿಗೆ ಆ ಪದವಿ ಸಿಕ್ಕಿದ್ದು ಮೂರನೇ ಸೀಸನ್ನಿನ ಕೊನೆಗೆ, 1995ರಲ್ಲಿ. ಅವನು ಹೆಂಡತಿಯನ್ನ ಯುದ್ಧದಲ್ಲಿ ಕಳಕೊಂಡವನು, ಮಗ ಜೇಕ್‌ನನ್ನ ಒಬ್ಬನೇ ಸಾಕುವವನು, ಮಗನಿಗೆ ತಾನೇ ಅಡುಗೆ ಮಾಡಿ ಬಡಿಸುವವನು. ಬೆಳೆದ ಮಗನನ್ನ ತಬ್ಬಿ ಮುತ್ತು ಕೊಡೋ ಅಪ್ಪನನ್ನ ಟೀವಿಯಲ್ಲಿ ಎಷ್ಟು ಸಲ ನೋಡಿದ್ದೀರಿ?

1998ರ ಫೆಬ್ರವರಿಯಲ್ಲಿ ಬಂದ 'ಫಾರ್ ಬಿಯಾಂಡ್ ದ ಸ್ಟಾರ್ಸ್' ಕಂತನ್ನ ಬ್ರೂಕ್ಸ್ ಅವರೇ ನಿರ್ದೇಶಿಸಿದರು. ಅದರಲ್ಲಿ ಸಿಸ್ಕೋ 1953ರ ನ್ಯೂಯಾರ್ಕಿನಲ್ಲಿ ಬೆನ್ನಿ ರಸೆಲ್ ಅನ್ನೋ ಕಥೆಗಾರ. ವಿಜ್ಞಾನ ಕಥೆಗಳ ಪತ್ರಿಕೆಯಲ್ಲಿ ಕೆಲಸ. ಲೇಖಕರ ಫೋಟೋ ತೆಗೆಯೋ ದಿನ ಅವನಿಗೂ ಅಲ್ಲಿನ ಒಬ್ಬ ಲೇಖಕಿಗೂ ತಡವಾಗಿ ಬನ್ನಿ ಅಂತಾರೆ. ಬರೆಯೋರು ಕಪ್ಪು ಮನುಷ್ಯ, ಹೆಂಗಸು ಅಂತ ಓದುಗರಿಗೆ ತಿಳೀಬಾರದು. ಬೆನ್ನಿ ಬರೆಯೋ ಕಥೆಯ ನಾಯಕ ಬಾಹ್ಯಾಕಾಶ ನಿಲ್ದಾಣದ ಕಪ್ಪು ಕ್ಯಾಪ್ಟನ್. ಸಂಪಾದಕ ಒಪ್ಪಲ್ಲ. ಕೊನೆಗೆ 'ಇದೆಲ್ಲ ಕನಸು' ಅಂತ ತಿದ್ದಿದ ಮೇಲೆ ಒಪ್ತಾನೆ, ಆದರೆ ಮಾಲೀಕ ಇಡೀ ಸಂಚಿಕೆಯನ್ನೇ ನಾಶ ಮಾಡಿಸ್ತಾನೆ.

ಇದು ಬರೀ ಕಲ್ಪನೆ ಅಂದುಕೊಳ್ಳಬೇಡಿ. 1960ರ ದಶಕದಲ್ಲಿ ಸ್ಯಾಮ್ಯುಯೆಲ್ ಡಿಲೇನಿ ತಮ್ಮ 'ನೋವಾ' ಕಾದಂಬರಿಯನ್ನ 'ಅನಲಾಗ್' ಪತ್ರಿಕೆಗೆ ಕಳಿಸಿದಾಗ, ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಕಪ್ಪು ನಾಯಕನನ್ನ ನಮ್ಮ ಓದುಗರು ಒಪ್ಪಲ್ಲ ಅಂತ ವಾಪಸ್ ಮಾಡಿದರು ಅಂತ ಡಿಲೇನಿಯವರೇ ಬರೆದಿದ್ದಾರೆ. ಭವಿಷ್ಯದ ಕಥೆಯಲ್ಲೂ ಕೆಲವರಿಗೆ ಜಾಗ ಇಲ್ಲ ಅಂದರೆ, ವರ್ತಮಾನದಲ್ಲಿ ಅವರ ಗತಿ ಏನು ಅಂತ ಯೋಚಿಸಿ.

ಹಾಗಂತ ಸಿಸ್ಕೋನನ್ನ ದೇವರು ಮಾಡಿ ಕೂರಿಸಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ 'ಇನ್ ದ ಪೇಲ್ ಮೂನ್‌ಲೈಟ್' ನೋಡಿ. ಸೋಲುತ್ತಿರೋ ಯುದ್ಧಕ್ಕೆ ರಾಮ್ಯುಲನ್ನರನ್ನ ಎಳೆದು ತರೋಕೆ ಅವನು ಸುಳ್ಳು ಸಾಕ್ಷಿ ಸೃಷ್ಟಿಸ್ತಾನೆ, ಆ ಹಾದಿಯಲ್ಲಿ ಕೊಲೆಯೂ ಆಗುತ್ತೆ. ಕೊನೆಗೆ ಕ್ಯಾಮೆರಾ ಎದುರು ಕೂತು ತನಗೆ ತಾನೇ ಲೆಕ್ಕ ಒಪ್ಪಿಸಿ, ಆ ದಿನಚರಿಯನ್ನ ಅಳಿಸಿಹಾಕು ಅಂತ ಕಂಪ್ಯೂಟರಿಗೆ ಹೇಳ್ತಾನೆ. ಸರಿಯೋ ತಪ್ಪೋ? ನಾನು ಮೂರು ಸಲ ನೋಡಿದ್ದೀನಿ, ಮೂರು ಸಲವೂ ಬೇರೆ ಬೇರೆ ಉತ್ತರ.

ಕೊರತೆಗಳೂ ಇವೆ, ಸುಳ್ಳು ಹೇಳಲ್ಲ. ಮೊದಲೆರಡು ಸೀಸನ್ ಕುಂಟುತ್ತೆ. ಫೆರೆಂಗಿಗಳ ಹಾಸ್ಯದ ಕೆಲವು ಕಂತುಗಳನ್ನ ಫಾರ್ವರ್ಡ್ ಮಾಡಿದರೆ ಪಾಪ ಬರಲ್ಲ :-)

ಕೊನೆಯ ಕಂತಿನ ಒಂದು ಸಂಗತಿ ಹೇಳಿ ಮುಗಿಸ್ತೀನಿ. ಸಿಸ್ಕೋ ಬಸುರಿ ಹೆಂಡತಿ ಕ್ಯಾಸಿಡಿಯನ್ನ ಬಿಟ್ಟು ದೈವಗಳ ಲೋಕಕ್ಕೆ ಹೋಗ್ತಾನೆ. ಮೊದಲು ಚಿತ್ರೀಕರಿಸಿದಾಗ ಅವನು ಮರಳಿ ಬರೋ ಮಾತೇ ಇರಲಿಲ್ಲ. ಆಮೇಲೆ ಬ್ರೂಕ್ಸ್ ಅವರು ಬೇರ್ ಅವರನ್ನ ಕೇಳಿಕೊಂಡರು: ಕಪ್ಪು ಗಂಡಸು ಬಸುರಿ ಹೆಂಡತಿಯನ್ನ ಬಿಟ್ಟುಹೋಗೋ ಚಿತ್ರ ಜನರ ಮನಸ್ಸಲ್ಲಿ ಉಳಿಯೋದು ಬೇಡ. ದೃಶ್ಯವನ್ನ ಮತ್ತೆ ತೆಗೆದರು. ಅದರಲ್ಲಿ ಸಿಸ್ಕೋ ವಾಪಸ್ ಬರ್ತೀನಿ ಅಂತ ಮಾತು ಕೊಟ್ಟು ಹೋಗ್ತಾನೆ.

ಒಂದೆರಡು ಸಾಲಿನ ಬದಲಾವಣೆ ಅಷ್ಟೇ. ಆದರೆ ಯಾರ ಅಪ್ಪ ಮನೆಗೆ ಬರ್ತಾನೆ, ಯಾರ ಅಪ್ಪ ಬರಲ್ಲ ಅನ್ನೋದನ್ನ ಕಥೆಗಳೂ ನಮಗೆ ಕಲಿಸುತ್ತವೆ ಅಂತ ಆ ಮೇಷ್ಟ್ರಿಗೆ ಗೊತ್ತಿತ್ತು. ಕರ್ಕ್‌ನೋ ಪಿಕಾರ್ಡ್‌ನೋ ಅಂತ ಮುಂದಿನ ಸಲ ಜಗಳ ಶುರುವಾದಾಗ, ಈ ಒಂದು ಹೆಸರನ್ನೂ ಸೇರಿಸಿಕೊಳ್ಳಿ. 'ಡ್ಯುಯೆಟ್' ನೋಡಿ ಶುರು ಮಾಡಿ. ಇಷ್ಟ ಆಗಲಿಲ್ಲ ಅಂದರೆ ಮುಂದಿನ ಕಾಫಿ ನನ್ನ ಲೆಕ್ಕಕ್ಕೆ.