ಕಂಪೈಲರ್ ಆಯ್ಕೆಗಳ ಹೆಸರು

ಕಂಪೈಲರ್‌ಗೆ ಆದೇಶ ಸಾಲಿನಲ್ಲಿ ಕೊಡುವ ಆಯ್ಕೆಗಳಿಗೆ ಕೆಲಸ ತಿಳಿಯುವಂತೆ ಹೆಸರಿಡುವ ಕ್ರಮ. ಕರ್ನಾಟಕದಲ್ಲಿ ಇದನ್ನು ಹತ್ತಿರದಿಂದ ನೋಡಲು ಪ್ಲೂಟೊ ಸಿಗುತ್ತದೆ. ಉದಯ್ ಬೊಂಧುಗುಲ ಅಮೆರಿಕದ ಓಹಾಯೊದಲ್ಲಿ ಸಂಶೋಧನೆಗಾಗಿ ಆರಂಭಿಸಿ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬೆಳೆಸಿದ ಸಾಧನವಿದು. ಸಿ ಭಾಷೆಯ ಲೂಪುಗಳನ್ನು ತಾನೇ ಸಮಾಂತರಗೊಳಿಸುತ್ತದೆ.

ಲೂಪುಗಳನ್ನು ಒಗ್ಗೂಡಿಸುವ ವಿಷಯದಲ್ಲಿ ಇದರ ಹೆಸರುಗಳು ಅಚ್ಚುಕಟ್ಟು. ‘ನೋಫ್ಯೂಸ್’ ಎಂದರೆ ಒಗ್ಗೂಡಿಸಬೇಡ, ‘ಮ್ಯಾಕ್ಸ್‌ಫ್ಯೂಸ್’ ಎಂದರೆ ಆದಷ್ಟೂ ಒಗ್ಗೂಡಿಸು. ನಡುವಿನ ‘ಸ್ಮಾರ್ಟ್‌ಫ್ಯೂಸ್’ ಮಾತ್ರ ತುಸು ಜಾಣತನದ ಹೆಸರು. ಯಾವ ಲೆಕ್ಕದಲ್ಲಿ ಜಾಣ ಎಂಬುದು ಕೈಪಿಡಿ ತೆರೆಯದೆ ತಿಳಿಯದು. ಹಳೆಯ ಆವೃತ್ತಿಗಳಲ್ಲಿದ್ದ ‘ಎಲ್‌ಬಿಟೈಲ್’, ‘ಪಾರ್ಟ್‌ಎಲ್‌ಬಿಟೈಲ್’ ಬರೆದವರಿಗಷ್ಟೇ ಅರ್ಥವಾಗುವ ಮೊಟಕು ಅಕ್ಷರಗಳು. ಈ ಆಯ್ಕೆಗಳ ಹಿಂದಿನ ತಂತ್ರವನ್ನು ಬೆಂಗಳೂರಿನ ತಂಡ 2012ರಲ್ಲಿ ಪ್ರಬಂಧವಾಗಿ ಮಂಡಿಸಿತ್ತು. ಲೆಕ್ಕಾಚಾರವನ್ನು ವಜ್ರಾಕೃತಿಯ ತುಂಡುಗಳಾಗಿ ಕತ್ತರಿಸಿದರೆ ಎಲ್ಲ ಕೋರ್‌ಗಳೂ ಒಟ್ಟಿಗೆ ಕೆಲಸ ಶುರುಮಾಡಬಹುದು. ನಂತರ ಬಂದ ‘ಡೈಮಂಡ್-ಟೈಲ್’ ಎಂಬ ಹೆಸರು ಆ ಆಕೃತಿಯನ್ನೇ ಹೇಳುತ್ತದೆ.

ದಾರಿತಪ್ಪಿಸುವ ಹೆಸರಿಗೆ ಪ್ರಸಿದ್ಧ ಉದಾಹರಣೆ ಜಿಸಿಸಿ ಎಂಬ ಕಂಪೈಲರ್‌ನ ‘ಡಬ್ಲ್ಯು-ಆಲ್’. ಹೆಸರಿನಲ್ಲಿ ‘ಎಲ್ಲ’ ಇದ್ದರೂ ಎಲ್ಲ ಎಚ್ಚರಿಕೆಗಳನ್ನೂ ಅದು ಕೊಡುವುದಿಲ್ಲ. ಉಳಿದವುಗಳಲ್ಲಿ ಕೆಲವಕ್ಕೆ ‘ಡಬ್ಲ್ಯು-ಎಕ್ಸ್‌ಟ್ರಾ’ ಬೇಕು. ಹೆಸರನ್ನು ಈಗ ತಿದ್ದಲೂ ಆಗದು: ಪ್ರೋಗ್ರಾಂ ಕಟ್ಟುವ ಆದೇಶಗಳಿರುವ ಅಸಂಖ್ಯ ಮೇಕ್‌ಫೈಲ್‌ಗಳು ಅದನ್ನೇ ನೆಚ್ಚಿಕೊಂಡಿವೆ.